ಮೇಲಿನ ಕೋಣೆಗೆ ಎರಡು ಬುಟ್ಟಿ: ರಾತ್ರಿ ಉಳಿಯುವ ನೆಂಟರಿಗಾಗಿ

ಕೊಪ್ಪಳದಲ್ಲಿ ಮನೆ ಇದ್ದವರಿಗೆ ಅಜ್ಜನ ಜಾತ್ರೆ, ಅಂದರೆ ಗವಿಮಠದ ಗವಿಸಿದ್ಧೇಶ್ವರ ಜಾತ್ರೆ ಬಂತು ಅಂದ್ರೆ ನೆಂಟರು ಬಂದರು ಅಂತಲೇ ಲೆಕ್ಕ. ಗವಿಮಠದ ತೇರು ಎಳೆಯುವುದು ಪುಷ್ಯ ಬಹುಳ ಬಿದಿಗೆಯ ಸಂಜೆ. ಈ ಸಲ ಅದು 2026ರ ಜನವರಿ 5ಕ್ಕೆ ಬಿತ್ತು. ಶಿವಮೊಗ್ಗದಿಂದ ನಮ್ಮ ಬೀಗರು, ಅಂದರೆ ನಾದಿನಿಯ ಅತ್ತೆ-ಮಾವ ಬರುವವರಿದ್ದರು. ಜೊತೆಗೆ ನಾದಿನಿ, ಅವಳ ಮಗಳು. ಎಲ್ಲರಿಗೂ ಮೇಲಿನ ಕೋಣೆ.

ಹೋದ ವರ್ಷ ಇದೇ ಕೋಣೆಯಲ್ಲಿ ಬೀಗತಿಗೆ ಹೊಟ್ಟೆ ಉರಿ ಬಂದು ಬೆಳಗಿನ ತನಕ ಕೂತೇ ಇದ್ದರಂತೆ. ಕೆಳಗೆ ಬಂದು ನಮ್ಮನ್ನು ಎಬ್ಬಿಸಲಿಲ್ಲ. "ನಿಮ್ಮ ನಿದ್ದೆ ಯಾಕೆ ಕೆಡಿಸೋದು ಅಂತ ಸುಮ್ನಿದ್ದೆ" ಅಂದರು. ಒಂದು ಲೋಟ ಬಿಸಿ ನೀರು, ಒಂದು ಚಿಟಿಕೆ ಓಂಕಾಳು ಪಕ್ಕದಲ್ಲಿ ಇದ್ದಿದ್ದರೆ ಸಾಕಿತ್ತು. ಅದು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು. ನಡುರಾತ್ರಿ ಕೇಳೋಕೆ ಸಂಕೋಚ ಆಗುವಂಥದ್ದು ಕೇಳದೇ ಕೈಗೆ ಸಿಗಬೇಕು ಅಂತ ಈ ಬುಟ್ಟಿ ಮಾಡಲು ಹೊರಟೆ. ಏನೇನು ಮಾಡಿದೆ, ಯಾವುದು ಕೈಕೊಟ್ಟಿತು, ಎಷ್ಟು ಖರ್ಚಾಯಿತು, ಎಲ್ಲ ಬರೆದಿಟ್ಟಿದ್ದೇನೆ.

1. ಡಿಸೆಂಬರ್ 7: ಪಟ್ಟಿ

ಅಡುಗೆಮನೆಯಲ್ಲಿ ಕೂತು ಪಟ್ಟಿ ಬರೆದರೆ ಬರೀ ತಿಂಡಿಯ ಹೆಸರೇ ಬರುತ್ತವೆ. ಅದಕ್ಕೇ ಒಂದು ರಾತ್ರಿ ನಾನೇ ಮೇಲೆ ಹೋಗಿ ಮಲಗಿದೆ. ನೆಂಟರ ಹತ್ತಿರ ಏನಿರುತ್ತೋ ಅಷ್ಟೇ ಜೊತೆಗೆ ಇಟ್ಟುಕೊಂಡೆ: ಫೋನು, ಒಂದು ಜೊತೆ ಬಟ್ಟೆ. ದಿಂಬಿನ ಪಕ್ಕ ನೋಟ್‌ಬುಕ್ಕು, ಪೆನ್ಸಿಲ್ಲು. ಅದರಲ್ಲಿ ಬರೆದಿದ್ದು ಹೀಗಿದೆ:

ರಾತ್ರಿ 11. ಪ್ಲಗ್ ಮಂಚದ ಹಿಂದೆ ಇದೆ. ಚಾರ್ಜಿಗೆ ಹಾಕಿದರೆ ಫೋನು ನೆಲದ ಮೇಲೆ.
12:30. ಬಾಯಾರಿಕೆ. ನೀರಿಗೆ ಕೆಳಗೆ ಹೋಗಬೇಕು. ಚಿಲಕ ತೆಗೆದರೆ ಮನೆಯೆಲ್ಲ ಎದ್ದೇಳುತ್ತೆ.
2 ಗಂಟೆ. ಕರೆಂಟ್ ಹೋಯಿತು. ಬಚ್ಚಲಿನ ಬಾಗಿಲು ಸಿಗದೆ ಈ ಮನೆಯವಳಾದ ನಾನೇ ಗೋಡೆ ತಡವಿದೆ.
4 ಗಂಟೆ. ಚಳಿ. ಹೊದಿಕೆ ಒಂದೇ ಸಾಲದು.
6 ಗಂಟೆ. ಬೋರ್ ನೀರಿಗೆ ಸೋಪು ನೊರೆ ಕಟ್ಟಲಿಲ್ಲ.

ಮರುದಿನ ಅತ್ತೆಯನ್ನು, ಪಕ್ಕದ ಮನೆಯ ಅಕ್ಕನನ್ನು, ಫೋನಿನಲ್ಲಿ ನಾದಿನಿಯನ್ನು ಕೇಳಿದೆ. "ನೆಂಟರಿಗೆ ಏನು ಬೇಕು" ಅಂತ ಕೇಳಿದರೆ ಹೋಳಿಗೆ, ಚಕ್ಕುಲಿ ಅಂತಾರೆ. ಹಾಗಾಗಿ ಪ್ರಶ್ನೆ ತಿರುಗಿಸಿದೆ: ಬೇರೆಯವರ ಮನೆಯಲ್ಲಿ ಉಳಿದಾಗ ಏನು ಕೇಳೋಕೆ ನಾಚಿಕೆ ಆಯಿತು? ಆಗ ನಿಜವಾದ ಪಟ್ಟಿ ಬಂತು. ಸೀರೆಗೆ ಪಿನ್ನು. ಬಾಚಣಿಗೆ. ಪ್ಯಾಡು. ಇನ್ನೊಂದು ಹೊದಿಕೆ. ರಾತ್ರಿ ಹಸಿವಾದಾಗ ತಿನ್ನೋಕೆ ಏನಾದರೂ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿಸಿನೀರು. ಯಾರನ್ನ ಕೇಳೂದು ಹೊತ್ತಲ್ಲದ ಹೊತ್ತಿನ್ಯಾಗ?" ಅಂದರು. ಈ ಕೆಲಸ ಶುರು ಮಾಡುವವರು ಇದೊಂದು ಪ್ರಶ್ನೆಯನ್ನು ಮೊದಲು ನಾಲ್ಕು ಜನರಿಗೆ ಕೇಳಿ. ಅರ್ಧ ಕೆಲಸ ಮುಗಿಯುತ್ತೆ.

ಪಟ್ಟಿಯಲ್ಲಿದ್ದ ಕೆಲವು ಬುಟ್ಟಿಗೆ ಸೇರುವಂಥವಲ್ಲ, ಕೋಣೆಯಲ್ಲೇ ಸರಿ ಮಾಡುವಂಥವು. 3 ಮೀಟರ್ ವೈರಿನ ಎಕ್ಸ್‌ಟೆನ್ಷನ್ ಬೋರ್ಡ್ ತಂದು (320 ರೂ.) ದಿಂಬಿನ ಕಡೆಗೆ ಎಳೆದು ಗೋಡೆಗೆ ಕ್ಲಿಪ್ ಹೊಡೆದೆವು. ಬಚ್ಚಲಿನ ಸ್ವಿಚ್ಚಿನ ಮೇಲೆ ಕತ್ತಲಲ್ಲಿ ಹೊಳೆಯುವ ರೇಡಿಯಂ ಸ್ಟಿಕ್ಕರಿನ ತುಂಡು. ಮಂಚದ ಕಾಲ ಬುಡಕ್ಕೆ ಅತ್ತೆ ಹೊಲಿದ ಕೌದಿ ಮಡಿಚಿಟ್ಟೆ.

2. ಡಿಸೆಂಬರ್ 10ರಿಂದ 24: ಬುಟ್ಟಿ

ಹೆಚ್ಚು ಹೊತ್ತು ಹಿಡಿದಿದ್ದು ಇದೇ.

ಮೊದಲು ತಂದಿದ್ದು ಗಿಫ್ಟ್ ಅಂಗಡಿಯ ಬುಟ್ಟಿ, 350 ರೂ. ಬೆತ್ತದ ಹಾಗೆ ಕಾಣುವ ಪ್ಲಾಸ್ಟಿಕ್ಕು, ಮೇಲೆ ಜಿಲೇಟಿನ್ ಪೇಪರು, ರಿಬ್ಬನ್ನು. ತುಂಬಿಸಿ ಕಟ್ಟಿದೆ. ನೋಡೋಕೆ ಚೆನ್ನಾಗೇ ಇತ್ತು. ಆ ವಾರ ಅತ್ತೆಯ ತಂಗಿ ಬಂದು ಒಂದು ರಾತ್ರಿ ಉಳಿದರು. ಬೆಳಗ್ಗೆ ನೋಡಿದರೆ ರಿಬ್ಬನ್ ಹಾಗೇ ಇದೆ. "ಯಾರಿಗೋ ಕೊಡಾಕ ಕಟ್ಟಿಟ್ಟೀರಿ ಅಂದ್ಕೊಂಡೆ ಬೇ" ಅಂದರು. ಕಟ್ಟಿಟ್ಟಿದ್ದಕ್ಕೆ ಮರ್ಯಾದಸ್ಥರು ಕೈ ಹಾಕೋದಿಲ್ಲ. ಹಾಕಿದರೂ ಆ ಪೇಪರಿನ ಚರಪರ ಸದ್ದಿಗೆ ಪಕ್ಕದಲ್ಲಿ ಮಲಗಿದವರು ಏಳುತ್ತಾರೆ. ಬುಟ್ಟಿ ಬಾಯಿ ತೆರೆದೇ ಇರಬೇಕು ಅನ್ನೋದು ಅಲ್ಲಿಗೆ ಖಾತ್ರಿ ಆಯಿತು.

ಆಮೇಲೆ ಬಿದಿರು ಬುಟ್ಟಿ ಹೆಣೆಯುವ ಮೇದಾರರ ಹತ್ತಿರ ಹೋದೆ. ತಯಾರಿದ್ದ ಒಂದು ದುಂಡು ಬುಟ್ಟಿ ತಂದೆ, 150 ರೂ. ಅದರ ಆಳ 9 ಇಂಚು. ಸಾಮಾನು ತುಂಬಿದರೆ ಮೇಲಿನ ನಾಲ್ಕೇ ಕಾಣುತ್ತವೆ, ಉಳಿದಿದ್ದು ತಳ ಸೇರುತ್ತೆ. ನೆಂಟರು ಅಡಿಗೆ ಕೈ ಹಾಕಿ ಕೆದಕುವುದಿಲ್ಲ. ಇದೇ ಬುಟ್ಟಿಗೆ ಹುಳ ಬೀಳದಿರಲಿ ಅಂತ ಬೇವಿನೆಣ್ಣೆ ಸವರಿದ್ದೆ. ಆ ವಾಸನೆ ಬಿಸಿಲಿಗಿಟ್ಟರೂ ಹೋಗಲಿಲ್ಲ, ತೊಳೆದರೂ ಹೋಗಲಿಲ್ಲ. ಒಳಗಿಟ್ಟ ಕಿತ್ತಳೆ ಸುಲಿದರೂ ಬೇವಿನ ನಾತ. ಈಗ ಅದರಲ್ಲಿ ಉಳ್ಳಾಗಡ್ಡಿ ಇಡುತ್ತೇವೆ. ತಿನ್ನುವ ಪದಾರ್ಥ ಇಡುವ ಬುಟ್ಟಿಗೆ ಬೇವಿನೆಣ್ಣೆ ಬೇಡವೇ ಬೇಡ.

ಮತ್ತೆ ಮೇದಾರರ ಮನೆಗೇ ಹೋಗಿ ಅಳತೆ ಕೊಟ್ಟು ಮಾಡಿಸಿದೆ. ನಾನು ಇಂಚಿನ ಟೇಪು ಹಿಡಿದು 14 ಇಂಚು, 5 ಇಂಚು ಅಂತಿದ್ದೆ. ಆ ತಾಯಿ ಕೈ ಚಾಚಿ, "ಒಂದೂವರಿ ಗೇಣು ಬಾಯಿ, ಅರ್ಧ ಗೇಣು ಎತ್ತರ, ಹೌದಲ್ರಿ ಅಕ್ಕಾರ?" ಅಂದರು. ಟೇಪಿಗೂ ಗೇಣಿಗೂ ಅರ್ಧ ಇಂಚೂ ವ್ಯತ್ಯಾಸ ಬರಲಿಲ್ಲ. ತಳ ಚಪ್ಪಟೆ, ಗೋಡೆ ನೇರ, ಎರಡು ಕಡೆ ಗಿಡ್ಡ ಹಿಡಿಕೆ. 220 ರೂ.

ಕೂತು ನೋಡಿದೆ. ಅಗಲ ದಬ್ಬೆಗಳನ್ನು ನೆಲದ ಮೇಲೆ ಅಡ್ಡಡ್ಡ ಇಟ್ಟು ನಡುವೆ ಕಾಲಿನಿಂದ ಅದುಮಿ ಹಿಡಿದರು. ತೆಳು ಸೀಳನ್ನು ಒಂದರ ಮೇಲೆ, ಒಂದರ ಕೆಳಗೆ ಹಾಯಿಸುತ್ತಾ ತಳ ಮಾಡಿದರು. ಒಂದು ಸುತ್ತು ಮುಗಿದ ಕೂಡಲೇ ಕತ್ತಿಯ ಹಿಂಬದಿಯಿಂದ ಟಕಟಕ ಬಡಿದು ಬಿಗಿ ಮಾಡೋದು. ಗೋಡೆ ಎತ್ತುವ ಮುಂಚೆ ದಬ್ಬೆಗೆ ನೀರು ಚಿಮುಕಿಸಿ ಬಗ್ಗಿಸಿದರು. ಅಂಚಿಗೆ ಮಾತ್ರ ಬಿದಿರಿನ ಹೊರಮೈ ಸೀಳು, ಹಸಿರು ಹೊಳಪು ಇರುವುದು. "ಒಳಗಿಂದು ಹುಳ ತಿಂತೈತ್ರಿ, ಮ್ಯಾಲಿಂದು ತಿನ್ನಂಗಿಲ್ಲ" ಅಂದರು. ಬಿದಿರಿನ ಹಿಟ್ಟಿನಂಶ ಇರೋದು ಒಳಪದರದಲ್ಲಿ, ಹುಳಕ್ಕೆ ಬೇಕಾಗಿರೋದು ಅದೇ. ಬುಟ್ಟಿ ಕೊಳ್ಳುವಾಗ ಅಂಚನ್ನು ಉಗುರಿನಿಂದ ಕೆರೆದು ನೋಡಿ. ಜಾರಿದರೆ ಹೊರಮೈ, ಎಳೆ ಎದ್ದರೆ ಒಳಗಿನದು.

"ಹಸಿ ಬಿದಿರು ಐತಿ, ನೆರಳಾಗ ಒಣಗಸ್ರಿ. ಬಿಸಲಿಗಿಟ್ರ ಬಾಯಿ ಬಿಡ್ತೈತಿ" ಅಂತ ಹೇಳಿ ಕಳಿಸಿದರು. ವರಾಂಡದಲ್ಲಿ ದಾರಕ್ಕೆ ತೂಗುಹಾಕಿದೆ, ಗಾಳಿ ಎಲ್ಲ ಕಡೆ ತಾಗಲಿ ಅಂತ. ಒಣಗಿದ ಮೇಲೆ ಸಿಬಿರು ತೆಗೆಯುವ ಕೆಲಸ. ಗ್ಯಾಸಿನ ಸಣ್ಣ ಉರಿಯ ಮೇಲೆ ಬುಟ್ಟಿಯನ್ನು ತಿರುಗಿಸುತ್ತಾ ಹೋದರೆ ಕೂದಲಿನಂಥ ಎಳೆಗಳು ಸುಟ್ಟು ಹೋಗುತ್ತವೆ. ಕೈ ನಿಲ್ಲಿಸಬಾರದು, ನಿಲ್ಲಿಸಿದ ಕಡೆ ಕಂದು ಕಲೆ. ಆಮೇಲೆ 120 ನಂಬರಿನ ಸ್ಯಾಂಡ್‌ಪೇಪರು, ಕೊನೆಗೆ 220. ಪೂರ್ತಿ ಆಯಿತಾ ಅಂತ ನೋಡೋಕೆ ಹಳೇ ನೈಲಾನ್ ಕಾಲುಚೀಲ ಕೈಗೆ ಹಾಕಿಕೊಂಡು ಸವರಿದೆ. ಎಲ್ಲಿ ಸಿಕ್ಕಿಹಾಕಿಕೊಂಡಿತೋ ಅಲ್ಲಿ ಇನ್ನೊಂದು ಸಲ. ಹುಳಕ್ಕೆ ಬೇವಿನೆಣ್ಣೆ ಬದಲು ನೀರೊಲೆಯ ಹೊಗೆ ಕೊಟ್ಟೆ. ಹೊಗೆ ವಾಸನೆ ಗಾಳಿಗಿಟ್ಟರೆ ಹೋಗುತ್ತೆ.

3. ಡಿಸೆಂಬರ್ 25: ಒಳಬಟ್ಟೆ

ಅತ್ತೆಯ ಹಳೇ ಕಾಟನ್ ಸೀರೆ. 22 ಇಂಚು ಚೌಕ, ಎರಡು ಪದರ, ಕೌದಿಗೆ ಹಾಕುವ ಹೊಲಿಗೆ. ಮೂರು ಪದರ ಹಾಕಿದರೆ ದಪ್ಪವಾಗಿ ಬುಟ್ಟಿಯ ಜಾಗ ತಿನ್ನುತ್ತೆ. ನಾಲ್ಕು ಮೂಲೆಗೆ ಲಾಡಿ, ಹಿಡಿಕೆಗೆ ಕಟ್ಟಲು. ಒಂದು ಬದಿಗೆ 4 ಇಂಚು ಅಗಲದ ಮೂರು ಜೇಬು, ಸಣ್ಣ ಸಾಮಾನಿಗೆ. ಅತ್ತೆ ಕೆಂಪು ತುಂಡು ಅಂಚಿಗೆ ಹಾಕಿದ್ದರು. ಮೊದಲ ತೊಳೆತಕ್ಕೇ ಬಣ್ಣ ಬಿಟ್ಟು ಬಿಳಿ ಭಾಗವೆಲ್ಲ ಗುಲಾಬಿ. ಬಿಚ್ಚಿ ಬೇರೆ ಹಚ್ಚಿದರು. ಕೆಂಪು, ಕಪ್ಪು ತುಂಡನ್ನು ಹೊಲಿಯುವ ಮುಂಚೆಯೇ ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಬೇಕು. ಲಾಡಿ, ದಾರ ಸೇರಿ 40 ರೂ.

4. ಡಿಸೆಂಬರ್ 27ರಿಂದ: ತಿನ್ನುವುದು

ಮೊದಲು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿದ್ದೆ. ರೊಟ್ಟಿ ಡಬ್ಬಿ, ಚಟ್ನಿ, ಹೋಳಿಗೆ, ಪಕ್ಕದಲ್ಲಿ ಗಂಧದ ಸೋಪು, ಶಾಂಪೂ. ಮರುದಿನ ಸಂಜೆ ಶೇಂಗಾ ಹೋಳಿಗೆ ಮುರಿದು ಬಾಯಿಗಿಟ್ಟರೆ ಗಂಧದ ಸೋಪಿನ ವಾಸನೆ. ಎಣ್ಣೆಯಂಶ ಇರುವ ತಿಂಡಿ ಪಕ್ಕದ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತೆ. ಸೋಪನ್ನು ಡಬ್ಬಿಗೆ ಹಾಕಿದರೂ ಪೂರ್ತಿ ನಿಲ್ಲಲಿಲ್ಲ. ಆಗಲೇ ನಿರ್ಧಾರ ಆಯಿತು: ತಿನ್ನೋದಕ್ಕೆ ಒಂದು, ಬಳಸೋದಕ್ಕೆ ಒಂದು. ಎರಡನೇ ಬುಟ್ಟಿ, ಸ್ವಲ್ಪ ಸಣ್ಣದು, ಅದೇ ಮನೆಯಲ್ಲಿ ಮಾಡಿಸಿದೆ. 160 ರೂ. ತಿನ್ನುವ ಬುಟ್ಟಿ ಕಿಟಕಿ ಕಟ್ಟೆಯ ಮೇಲೆ, ಬಳಸುವ ಬುಟ್ಟಿ ಬಚ್ಚಲಿನ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ.

ರೊಟ್ಟಿ. ನಮ್ಮ ರೊಟ್ಟಿ ಹತ್ತಿಂಚು ಅಗಲ, ಬುಟ್ಟಿಯಲ್ಲಿ ಬೇರೇನೂ ಹಿಡಿಯುವುದಿಲ್ಲ. ಆರಿಂಚಿನದು ಬಡಿಯೋಣ ಅಂದರೆ ಅತ್ತೆ ಒಪ್ಪಲಿಲ್ಲ. "ಇಷ್ಟಿಷ್ಟ ರೊಟ್ಟಿ ಇಟ್ರ ಬೀಗರು ಏನಂದಾರು? ಜ್ವಾಳ ಕಡಿಮಿ ಬಿದ್ದಾವೇನು ಅನ್ನೂದಿಲ್ಲೇನು?" ಊಟಕ್ಕೆ ದೊಡ್ಡದು, ಬುಟ್ಟಿಗೆ ಮಾತ್ರ ಸಣ್ಣದು ಅಂತ ಕೊನೆಗೆ ಮಾತಾಯಿತು. ಕೊಪ್ಪಳದ ಜಾತ್ರೆಗೆ ಬಂದವರಿಗೆ ರೊಟ್ಟಿ ಇಡದೆ ಹೇಗೆ? ಮಠದ ದಾಸೋಹಕ್ಕೆ ಊರೂರಿಂದ ಚಕ್ಕಡಿ, ಟ್ರ್ಯಾಕ್ಟರು ತುಂಬಿ ಬರೋದೇ ರೊಟ್ಟಿ.

ಖಡಕ್ ರೊಟ್ಟಿ ಒಮ್ಮೆ ಕೆಟ್ಟಿತು. ಹಂಚಿನ ಮೇಲೆ ಚೆನ್ನಾಗಿ ಒಣಗಿತ್ತು, ಆದರೆ ಬಿಸಿ ಇರುವಾಗಲೇ ಪ್ಲಾಸ್ಟಿಕ್ ಕವರಿಗೆ ಹಾಕಿದ್ದರಿಂದ ಬೆವರು ಕಟ್ಟಿ ಮೆತ್ತಗಾಯಿತು. ಸರಿ ಹೋದ ಕ್ರಮ ಇದು: ಸಣ್ಣ ಉರಿಯಲ್ಲಿ ಬಟ್ಟೆಯಿಂದ ಒತ್ತುತ್ತಾ ಎರಡೂ ಮೈ ಒಣಗಿಸಬೇಕು. ಕಾಟನ್ ಬಟ್ಟೆ ಹಾಸಿ ಬಿಡಿಬಿಡಿಯಾಗಿ ರಾತ್ರಿಯಿಡೀ ಆರಲು ಬಿಡಬೇಕು. ಮುರಿದಾಗ ಹಪ್ಪಳದ ಹಾಗೆ ಟಕ್ ಅನ್ನಬೇಕು. ಆಮೇಲೇ ಸ್ಟೀಲ್ ಡಬ್ಬಿ, ಅಡಿಗೆ ಒಂದು ಪೇಪರು.

ಚಟ್ನಿ ಪುಡಿ ಮೂರು, 100 ಗ್ರಾಂ ಹಿಡಿಯುವ ಗಾಜಿನ ಬಾಟಲಿಯಲ್ಲಿ: ಶೇಂಗಾ, ಗುರೆಳ್ಳು, ಬೆಳ್ಳುಳ್ಳಿ ಹಾಕದ ಶೇಂಗಾ. ಬೀಗತಿ ಬೆಳ್ಳುಳ್ಳಿ ತಿನ್ನುವುದಿಲ್ಲ, ಅದಕ್ಕೇ ಮೂರನೆಯದು. ಮುಚ್ಚಳದ ಮೇಲೆ ಹೆಸರು ಬರೆದೆ. ಎಣ್ಣೆ ಕಲಸಿ ಇಟ್ಟಿದ್ದ ಚಟ್ನಿ ಸೋರಿ ಒಳಬಟ್ಟೆಗೆ ಹತ್ತಿತು. ಹಾಗಾಗಿ ಪುಡಿ ಬೇರೆ, ಒಂದು ಸಣ್ಣ ಬಾಟಲಿ ಶೇಂಗಾ ಎಣ್ಣೆ ಬೇರೆ. ಎರಡು ತಟ್ಟೆ, ಎರಡು ಚಮಚ. ಚಮಚ ಇಲ್ಲದ ಚಟ್ನಿ ಬಾಟಲಿಯನ್ನು ಯಾರೂ ಮುಟ್ಟೋದಿಲ್ಲ.

ಶೇಂಗಾ ಹೋಳಿಗೆ ನಾಲ್ಕು. ಬೀಗರಿಗೆ ಸಕ್ಕರೆ ಕಾಯಿಲೆ. ಅವರಿಗೆ ಹುರಿದ ಶೇಂಗಾ, ಪುಟಾಣಿ (ಹುರಿಗಡಲೆ). ಬಂದ ಕೂಡಲೇ ನೀರಿನ ಜೊತೆ ಕೊಡಲು ಬೆಲ್ಲದ ಅಚ್ಚು. ಬೆಲ್ಲವನ್ನು ಮೊದಲು ತಟ್ಟೆಯಲ್ಲಿ ಇಟ್ಟಿದ್ದೆ, ಬೆಳಗಾಗುವಷ್ಟರಲ್ಲಿ ಕಿಟಕಿಯಿಂದ ಇರುವೆ ಸಾಲು. ಕಟ್ಟೆಯ ಮೇಲೆ ಅರಿಶಿಣದ ಗೆರೆ ಎಳೆದೆ. ಇರುವೆ ಸುತ್ತು ಹಾಕಿಕೊಂಡು ಬಂದವು, ಕಟ್ಟೆಯ ಮೇಲೆ ಹಳದಿ ಕಲೆ ಉಳಿಯಿತು. ರಬ್ಬರ್ ಇರುವ ಮುಚ್ಚಳದ ಬಾಟಲಿಗೆ ಬೆಲ್ಲ ಹಾಕಿದ ಮೇಲೆ ಬರಲಿಲ್ಲ.

ಹಣ್ಣಿನಲ್ಲಿ ಬಾಳೆ ಬೇಡ ಅನಿಸಿತು. ಕಪ್ಪಾಗುತ್ತೆ, ವಾಸನೆ ಬರುತ್ತೆ. ಪೇರಲಕ್ಕೆ, ದಾಳಿಂಬೆಗೆ ಚಾಕು ಬೇಕು, ದಾಳಿಂಬೆ ಹಾಸಿಗೆಗೆ ಕಲೆ ಮಾಡುತ್ತೆ. ಕಿತ್ತಳೆ ಕೈಯಲ್ಲೇ ಸುಲಿಯಬಹುದು. ಸಿಪ್ಪೆಗೆ ಒಂದು ಕಾಗದದ ಚೀಲ.

ಇನ್ನೊಂದು, ಈ ಬುಟ್ಟಿಗೇ ವಿಶೇಷ: ಉತ್ತತ್ತಿ (ಒಣ ಖರ್ಜೂರ). ತೇರಿಗೆ ಎಸೆಯೋಕೆ. ಮೈದಾನಕ್ಕೆ ಹೋದ ಮೇಲೆ ಗದ್ದಲದಲ್ಲಿ ಹುಡುಕೋದು ಕಷ್ಟ. ತಲೆಗೊಂದು ಸಣ್ಣ ಪೊಟ್ಟಣ ಕಟ್ಟಿದೆ, ಜೇಬಿಗೆ ಹಿಡಿಯುವಷ್ಟು.

ತಿನ್ನುವ ಬುಟ್ಟಿಗೆ ಒಟ್ಟು 360 ರೂ. ಆಯಿತು. ಜೋಳ, ಶೇಂಗಾ ಮನೆಯಲ್ಲಿದ್ದದ್ದಕ್ಕೂ ಅಂಗಡಿ ರೇಟು ಹಿಡಿದ ಲೆಕ್ಕ ಇದು. ಐದು ಗಾಜಿನ ಬಾಟಲಿ 125 ರೂ.

5. ಡಿಸೆಂಬರ್ 30: ಬಳಸುವುದು

ಮೊದಲ ಜಾಗ ನೀರಿಗೆ. ಕೊಪ್ಪಳ ಜಿಲ್ಲೆಯ ಬಹಳ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಹೊರಗಿನಿಂದ ಬಂದವರು ನಲ್ಲಿ ನೀರನ್ನು ಕಾಯಿಸಿ ಕುಡಿದರೆ ಸಾಕು ಅಂದುಕೊಳ್ಳುತ್ತಾರೆ. ಕಾಯಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗೋದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತೆ. ಅದಕ್ಕೇ ಶುದ್ಧ ನೀರಿನ ಘಟಕದಿಂದ ತಂದ ನೀರು, ಒಂದು ಲೀಟರಿನ ಎರಡು ಸ್ಟೀಲ್ ಬಾಟಲಿಯಲ್ಲಿ (480 ರೂ.). ಅರ್ಧ ಲೀಟರಿನ ಫ್ಲಾಸ್ಕು, ಮಲಗುವ ಮುಂಚೆ ಬಿಸಿನೀರು ತುಂಬಿಸೋಕೆ (650 ರೂ.). ಖರ್ಚು ಜಾಸ್ತಿ ಆಗಿದ್ದು ಇಲ್ಲೇ. ಆದರೆ ಈ ಇಡೀ ಕೆಲಸ ಹುಟ್ಟಿದ್ದೇ ಬಿಸಿನೀರಿಗಾಗಿ, ಇದರಲ್ಲಿ ಕೈ ಹಿಡಿಯಲಿಲ್ಲ.

ಗಡಸು ನೀರಿಗೆ ಸೋಪು ನೊರೆ ಕಟ್ಟೋದಿಲ್ಲ ಅಂತ ಬರೆದಿದ್ದೆನಲ್ಲ, ಅದಕ್ಕೆ ಅತ್ತೆ ಕೊಟ್ಟ ಉಪಾಯ ಕಡಲೆ ಹಿಟ್ಟು. ಒಂದು ಬಾಟಲಿಯಲ್ಲಿ ಕಡಲೆ ಹಿಟ್ಟಿಗೆ ಚೂರು ಅರಿಶಿಣ. ನೊರೆ ಬೇಕಿಲ್ಲ, ಜಿಡ್ಡು ಹೋಗುತ್ತೆ. ಬೇಕಾದವರಿಗೆ ಸೋಪೂ ಇದೆ, ಶಾಂಪೂ ಪ್ಯಾಕೆಟ್ ತಲೆಗೆ ಎರಡು. ಜನವರಿಯಲ್ಲಿ ಈ ನೀರಿಗೆ ಮೈ ಬಿರಿಯುತ್ತೆ, ಅದಕ್ಕೆ ಕೊಬ್ಬರಿ ಎಣ್ಣೆ.

ಜೇಬುಗಳಲ್ಲಿ ಒಂದಕ್ಕೆ ಪಿನ್ನಿನ ಹಾಳೆ, ಟಿಕಳಿ, ರಬ್ಬರ್ ಬ್ಯಾಂಡು, ಸೂಜಿ-ದಾರ, ಎರಡು ಗುಂಡಿ. ಇನ್ನೊಂದಕ್ಕೆ ಬ್ರಷ್ಷು, ಸಣ್ಣ ಪೇಸ್ಟು, ಬಾಚಣಿಗೆ. ಮೂರನೆಯದಕ್ಕೆ ಬಾಮು, ಹತ್ತಿ, ಬ್ಯಾಂಡೇಜ್ ಪಟ್ಟಿ, ಓಂಕಾಳು, ಓಆರ್‌ಎಸ್. ಓಆರ್‌ಎಸ್‌ನ ದೊಡ್ಡ ಪ್ಯಾಕೆಟ್ಟಿಗೆ ಒಂದು ಲೀಟರ್ ನೀರು, ಬಾಟಲಿಯ ಅಳತೆಯೂ ಅದೇ. ಅಂದಾಜಿನಲ್ಲಿ ಲೋಟಕ್ಕೆ ಸುರಿದುಕೊಳ್ಳಬಾರದು ಅಂತ ಪ್ಯಾಕೆಟ್ಟಿನ ಮೇಲೆ ದಪ್ಪ ಪೆನ್ನಿನಲ್ಲಿ "ಪೂರ್ತಿ ಬಾಟಲಿಗೆ ಒಂದು" ಅಂತ ಬರೆದೆ. ಮಾತ್ರೆ ಒಂದೂ ಇಡಲಿಲ್ಲ. ಯಾರಿಗೆ ಬಿಪಿ, ಯಾರಿಗೆ ಯಾವುದು ಆಗಿಬರಲ್ಲ ಅಂತ ನಮಗೆ ಗೊತ್ತಿರೋದಿಲ್ಲ. ಅಂಥ ಹೊತ್ತಿಗೆ ನಮ್ಮನ್ನು ಎಬ್ಬಿಸಲೇಬೇಕು.

ಪ್ಯಾಡುಗಳಿಗೆ ಅದೇ ಸೀರೆಯ ಬಟ್ಟೆಯಲ್ಲಿ ಒಂದು ಚೀಲ ಹೊಲಿದೆ. ಅದನ್ನು ಮೇಲೆ ಕಾಣುವ ಹಾಗೆ ಇಡೋದೋ, ಮುಚ್ಚಿಡೋದೋ ಅಂತ ನಾದಿನಿಯನ್ನೇ ಕೇಳಿದೆ. ಬುಟ್ಟಿಯಲ್ಲಿ ಬೇಡ, ಬಚ್ಚಲಿನೊಳಗೆ ಗೂಟಕ್ಕೆ ತೂಗುಹಾಕಿ ಅಂದಳು. ಸರಿಯಾದ ಜಾಗ ಅದೇ. ಒಳಗೆ ಕಾಗದದ ತುಂಡು, ಮುಚ್ಚಳದ ಕಸದ ಡಬ್ಬಿ.

ಟಾರ್ಚು (150 ರೂ.) ಬುಟ್ಟಿಯೊಳಗೆ ಇದ್ದರೆ ಕತ್ತಲಲ್ಲಿ ಸಿಗುವುದಿಲ್ಲ. ಮಂಚದ ಕಟಾಂಜನಕ್ಕೆ ದಾರದಿಂದ ಕಟ್ಟಿ, ಅದಕ್ಕೂ ರೇಡಿಯಂ ಹಚ್ಚಿದೆ. ಸೊಳ್ಳೆ ಬತ್ತಿಯ ಜೊತೆ ಬೆಂಕಿಪೊಟ್ಟಣ.

ಇದಕ್ಕೆಲ್ಲ 410 ರೂ., ಪ್ಯಾಡಿಗೆ 80 ರೂ.

ನೆಂಟರು ಒಯ್ಯಲು ಏನಾದರೂ ಇರಲಿ ಅಂತ ಕೊಪ್ಪಳದ ಹತ್ತಿರದ ಕಿನ್ನಾಳದಿಂದ ಎರಡು ಮರದ ಗಿಳಿ ತಂದೆ, ಒಂದಕ್ಕೆ 200 ರೂ. ಕಿನ್ನಾಳದ ಚಿತ್ರಗಾರರ ಕೆಲಸಕ್ಕೆ ಜಿಐ ಟ್ಯಾಗ್ (ಇದು ಆ ಊರಿನದೇ ಕೆಲಸ ಅನ್ನುವ ಸರ್ಕಾರಿ ಗುರುತು) ಇದೆ. ಹಗುರ ಮರ ಕೆತ್ತಿ ಬಣ್ಣ ಹಾಕುತ್ತಾರೆ. ತುಂಡು ಜೋಡಿಸೋದು ಹುಣಸೆ ಬೀಜದ ಅಂಟಿನಿಂದ. ಅಂಥ ಅಂಟಿಗೆ ನೀರು ಆಗಿಬರೋದಿಲ್ಲ. ಫ್ಲಾಸ್ಕಿನ ಪಕ್ಕ ಇಟ್ಟಿದ್ದನ್ನು ತೆಗೆದು ಪೇಪರು ಸುತ್ತಿ ತಿನ್ನುವ ಬುಟ್ಟಿಯ ಕಡೆಗೆ ಇಟ್ಟೆ. "ಒದ್ದೆ ಬಟ್ಟೆಯಿಂದ ಒರೆಸಬೇಡಿ" ಅಂತ ಒಂದು ಚೀಟಿ.

6. ಜನವರಿ 2: ಚೀಟಿ

ಮೊದಲು ಬರೆದ ಚೀಟಿ ಒಂದು ಪುಟ ತುಂಬಿತ್ತು. ಅದು ಮಾಡಿ, ಇದು ಮಾಡಬೇಡಿ. ನಮ್ಮನೆಯವರು ಓದಿ, "ಲಾಡ್ಜಿನ ನೋಟೀಸ್ ಬೋರ್ಡ್ ಇದ್ದಂಗಿದೆ" ಅಂದರು. ಹರಿದು ಹೊಸದು ಬರೆದೆ. ಕನ್ನಡಕ ಇಲ್ಲದೇ ಓದಲಿ ಅಂತ ಅರ್ಧ ಇಂಚಿನ ಅಕ್ಷರ:

"ಇದೆಲ್ಲ ಬಳಸೋದಕ್ಕೇ ಇಟ್ಟಿದ್ದು.
ಕುಡಿಯೋಕೆ ಸ್ಟೀಲ್ ಬಾಟಲಿ ನೀರು ಮಾತ್ರ.
ಫ್ಲಾಸ್ಕಿನಲ್ಲಿ ಬಿಸಿನೀರು ಇದೆ.
ತಿನ್ನೋದು ಉಳಿದರೆ ಕಟ್ಟಿಕೊಂಡು ಹೋಗಿ. ಗಿಳಿ ನಿಮ್ಮದೇ.
ಆರಾಮಿಲ್ಲ ಅಂದ್ರೆ ಎಷ್ಟೊತ್ತಿಗಾದರೂ ಎಬ್ಬಿಸಿ."

ಕೆಳಗೆ ನಮ್ಮ ಎರಡು ಫೋನ್ ನಂಬರು. ರಟ್ಟು, ಪೆನ್ನು 20 ರೂ.

7. ಜನವರಿ 4ರಿಂದ 7: ನೆಂಟರು ಬಂದಾಗ

ಮೊದಲ ದಿನ ಸಂಜೆಯ ತನಕ ಎರಡೂ ಬುಟ್ಟಿ ಹಾಗೇ ಇದ್ದವು. ಬಾಯಿ ತೆರೆದಿದೆ, ಚೀಟಿ ಇದೆ, ಆದರೂ ಯಾರೂ ಮುಟ್ಟಲಿಲ್ಲ. ಅಂದವಾಗಿ ಜೋಡಿಸಿದ್ದನ್ನು ಕೆಡಿಸೋಕೆ ಜನ ಹಿಂಜರಿಯುತ್ತಾರೆ. ಅತ್ತೆ ಮೇಲೆ ಹೋಗಿ ಬೀಗತಿಯ ಪಕ್ಕ ಕೂತು, ತಾವೇ ಒಂದು ಕಿತ್ತಳೆ ಸುಲಿದು ಅರ್ಧ ಅವರ ಕೈಗಿಟ್ಟರು. ಬಾಟಲಿ ಮುಚ್ಚಳ ತೆಗೆದು ಶೇಂಗಾ ಹಂಚಿದರು. ಒಂದೊಂದನ್ನೂ ಎತ್ತಿ ತೋರಿಸಿ, "ಇದು ಓಂಕಾಳು ನೋಡ್ರಿ, ಇದು ನಿಮ್ಮ ಬೆಳ್ಳುಳ್ಳಿ ಇಲ್ಲದ ಚಟ್ನಿ" ಅಂದರು. ಬೀಗತಿ ಆ ಬಾಟಲಿಯನ್ನು ಕೈಯಲ್ಲಿ ಹಿಡಿದು ಮುಚ್ಚಳದ ಮೇಲಿನ ಅಕ್ಷರ ಎರಡು ಸಲ ಓದಿದರು. ಅಲ್ಲಿಂದ ಮುಂದೆ ಬುಟ್ಟಿ ನಡೆಯಿತು. ಈಗ ನಮ್ಮ ಕ್ರಮದಲ್ಲಿ ಇದೂ ಸೇರಿದೆ: ನೆಂಟರು ಕೋಣೆಗೆ ಬಂದ ಕೂಡಲೇ ಮನೆಯವರೊಬ್ಬರು ಅವರ ಎದುರಿಗೇ ಬುಟ್ಟಿಯಿಂದ ಏನಾದರೂ ತೆಗೆದು ತಿನ್ನಬೇಕು.

ಅವರು ಹೋದ ಮೇಲೆ ಎಣಿಸಿದ್ದು:

ಪಿನ್ನಿನ ಹಾಳೆ ಖಾಲಿ. ತೇರಿನ ದಿನ ಸೀರೆ ಉಡುವಾಗ ಪೂರ್ತಿ ಹೋಯಿತು. ಮುಂದಿನ ಸಲ ಎರಡು ಹಾಳೆ.

ಫ್ಲಾಸ್ಕು ದಿನಾ ಬೆಳಗ್ಗೆ ಖಾಲಿ. ಅರ್ಧ ಲೀಟರ್ ನಾಲ್ಕು ಜನಕ್ಕೆ ಸಾಲದು. ಒಂದು ಲೀಟರಿನದ್ದೇ ಕೊಳ್ಳಬೇಕಿತ್ತು.

ಓಂಕಾಳು ಅರ್ಧ ಆಗಿತ್ತು. ತೇರು ಮುಗಿದ ಮರುದಿನ ದಾಸೋಹದಲ್ಲಿ ಮಿರ್ಚಿ ಭಜಿ ತಿಂದು ಬಂದಿದ್ದರು. ರಾತ್ರಿ ಯಾರೂ ಎದ್ದು ಕೂರಲಿಲ್ಲ.

ಪ್ಯಾಡಿನ ಚೀಲದಿಂದ ಎರಡು ಕಡಿಮೆ. ಯಾರು ಅಂತ ಕೇಳಲಿಲ್ಲ.

ಕಡಲೆ ಹಿಟ್ಟನ್ನು ಯಾರೂ ಮುಟ್ಟಿರಲಿಲ್ಲ. ಅಡುಗೆಗೆ ಇಟ್ಟಿದ್ದು ಅಂದುಕೊಂಡಿದ್ದರು. ಬಾಟಲಿಯ ಮೇಲೆ "ಸ್ನಾನಕ್ಕೆ" ಅಂತ ಬರೆಯಬೇಕು.

ಸಣ್ಣ ರೊಟ್ಟಿ ಎಲ್ಲ ಖಾಲಿ, ಡಬ್ಬಿ ತೊಳೆದಿಟ್ಟಿದ್ದರು. ಹೋಳಿಗೆ ಎರಡು ಉಳಿದಿತ್ತು, ಕಟ್ಟಿಕೊಟ್ಟೆ. ಸೂಜಿ-ದಾರ, ಬ್ಯಾಂಡೇಜು, ಓಆರ್‌ಎಸ್ ಹಾಗೇ ಇವೆ. ಅವು ಇರಬೇಕಾದ ಸಾಮಾನು, ತೆಗೆಯೋದಿಲ್ಲ. ಓಆರ್‌ಎಸ್‌ನ ಕೊನೆಯ ದಿನಾಂಕ ಮಾತ್ರ ಪ್ರತಿ ಸಲ ನೋಡಬೇಕು.

ಗಿಳಿ ಎರಡು ಸಾಲಲಿಲ್ಲ. ಒಂದು ನಾದಿನಿಯ ಮಗಳಿಗೆ ಹೋಯಿತು, ಇನ್ನೊಂದು ಬೀಗತಿಗೆ. ಬೀಗರು, "ನನಗಿಲ್ವಾ?" ಅಂತ ಕೇಳಿದರು. ಅವರಿಗೆ ಅಂತ ಇನ್ನೊಂದು ತಂದಿಟ್ಟಿದ್ದೇನೆ.

8. ಲೆಕ್ಕ

ಒಂದೇ ಸಲದ ಖರ್ಚು: ಎರಡು ಬುಟ್ಟಿ 380, ಒಳಬಟ್ಟೆ 40, ಸ್ಟೀಲ್ ಬಾಟಲಿ 480, ಫ್ಲಾಸ್ಕು 650, ಗಾಜಿನ ಬಾಟಲಿ 125, ಟಾರ್ಚು 150, ರಟ್ಟು 20, ಎಕ್ಸ್‌ಟೆನ್ಷನ್ ಬೋರ್ಡು 320. ಒಟ್ಟು 2,165 ರೂ.

ತುಂಬಿಸುವ ಸಾಮಾನು: ತಿನ್ನೋದು 360, ಬಳಸೋದು 410, ಪ್ಯಾಡು 80, ಗಿಳಿ 400. ಒಟ್ಟು 1,250 ರೂ. ಇದರಲ್ಲಿ ಬಳಸೋದು ಅರ್ಧಕ್ಕಿಂತ ಹೆಚ್ಚು ಮುಂದಿನ ಸಲಕ್ಕೂ ಉಳಿದಿದೆ.

ಕೆಲಸಕ್ಕೆ ಬಾರದ್ದು: ಗಿಫ್ಟ್ ಬುಟ್ಟಿ 350, ಬೇವಿನೆಣ್ಣೆಯ ಬುಟ್ಟಿ 150.

ಕಡಿಮೆ ದುಡ್ಡಿನಲ್ಲಿ ಮಾಡೋರು ಬುಟ್ಟಿ, ಗಿಳಿ ಎರಡನ್ನೂ ಬಿಡಿ. ಅಡುಗೆಮನೆಯ ಮೊರದಲ್ಲೇ ಜೋಡಿಸಿ. ನೀರಿನ ಬಾಟಲಿ, ಫ್ಲಾಸ್ಕು, ಪಿನ್ನು, ಪ್ಯಾಡು, ಓಂಕಾಳು, ಟಾರ್ಚು ಇವನ್ನು ಮಾತ್ರ ಬಿಡಬೇಡಿ.

9. ಬೇಸಿಗೆಗೆ

ಮೇ ತಿಂಗಳಲ್ಲಿ ತವರಿನವರು ಬರುತ್ತಾರೆ. ಆಗ ನಮ್ಮ ಕಡೆ 40 ಡಿಗ್ರಿ ದಾಟುತ್ತೆ, ಈ ಬುಟ್ಟಿ ಹಾಗೇ ನಡೆಯೋದಿಲ್ಲ. ಕೌದಿ, ಕೊಬ್ಬರಿ ಎಣ್ಣೆ ತೆಗೆಯಬೇಕು. ಫ್ಲಾಸ್ಕಿನಲ್ಲಿ ತಣ್ಣನೆ ಮಜ್ಜಿಗೆ. ಸ್ಟೀಲ್ ಬಾಟಲಿ ಬದಲು ಮಣ್ಣಿನ ಹೂಜಿ, ಅದರ ಅಡಿಗೆ ತಟ್ಟೆ, ಯಾಕಂದ್ರೆ ಹೂಜಿ ಬೆವರುತ್ತೆ. ಓಆರ್‌ಎಸ್ ನಾಲ್ಕು. ಹೋಳಿಗೆ ಆ ಸೆಕೆಗೆ ಬೇಗ ಕಮಟುತ್ತೆ, ಅದರ ಜಾಗಕ್ಕೆ ಪುಟಾಣಿ-ಬೆಲ್ಲ. ಕರೆಂಟ್ ಹೋದಾಗ ಬೀಸಿಕೊಳ್ಳಲು ಬಿದಿರಿನ ಬೀಸಣಿಗೆ ತಲೆಗೊಂದು. ಅದಕ್ಕೆ ಮೇದಾರರ ಮನೆಯಲ್ಲಿ ಹೇಳಿ ಬಂದಿದ್ದೇನೆ, ಯುಗಾದಿಗೆ ಮುಂಚೆ ಕೊಡ್ತೀವಿ ಅಂದಿದ್ದಾರೆ. ಹಿಡಿಕೆ ಒಂದು ಗೇಣು ಉದ್ದ, ಅಂಚಿಗೆ ಹೊರಮೈ ಸೀಳು.